ಇನ್ನೊಬ್ಬರು ಬಳಸುತ್ತಿದ್ದಾರೆ

ಕದಾ ಪೂರಾ ಹಾಕಬ್ಯಾಡ್ರಿ... ಒಂದೀಟ ಸಂದಿ ಇರಲಿ. ಹಾಂ. ಈಗ ಹೇಳ್ತೇನಿ. ನಡುವ ಯಾರೂ ನಗಬಾರದು. ನಗಸೂ ಜಾಗಾದಾಗ ನಾನ ನಗಸ್ತೇನಿ, ಅದರ ಜವಾಬ್ದಾರಿ ನಂದು.

ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗ ಕಲ್ಮೇಶಣ್ಣನ ಮನ್ಯಾಗ ಆಗಿದ್ದು. ಹ್ವಾದ ವರ್ಷ, ಮಳಿ ಹಿಂದಾದ ಮ್ಯಾಲೆ. ಖಾನಾಪುರ ತಾಲೂಕಿನ ಬೀಡಿ ಅನ್ನೂ ಊರ ದಾಟಿ ಎರಡು ಮೈಲಿ ಹೋದ್ರ ನಮ್ಮೂರು. ಅಲ್ಲಿ ಹಾಲಿನ ಡೈರ್ಯಾಗ ಕಲ್ಮೇಶಣ್ಣ ಕೆಲಸಾ ಮಾಡ್ತಾನ. ಮುಂಜಾನಿ ಸಂಜಿ ಮಂದಿ ಹಾಲು ತರ್ತಾರ. ಇವ ಒಂದು ಬಟ್ಟಲದಾಗ ಈಟ ಹಾಲು ಹಾಕಿ ಮಷೀನಿನ ನಳಿಗಿ ಕೆಳಗ ಹಿಡೀತಾನ. ಮಷೀನ ಗುರ್ರ್... ಅಂತ ಹಾಲು ಎಳಕೊಂತೈತಿ. ಟಿಕ್ ಅಂತೈತಿ. ಬಾಜುಕಿನ ಕಂಪ್ಯೂಟರದಾಗ ಫ್ಯಾಟ್ ಎಷ್ಟು ಅಂತ ಬರತೈತಿ. ಇಷ್ಟ ಕೆಲಸಾ.

ಅವತ್ತು ರಾತ್ರಿ ಡೈರಿಗಿ ಕೀಲಿ ಹಾಕಿ ಮನೀಗಿ ಹೊಂಟಿದ್ದ. ತಡಾ ಆಗಿತ್ತು. ಕೈಯಾಗ ಒಂದು ಸಣ್ಣ ಕ್ಯಾನು. ಅದರಾಗ ಇವರದ ಎಮ್ಮಿ ಹಾಲು. ಮಷೀನ ಅವತ್ತು ಆ ಹಾಲು ಒಲ್ಲೆ ಅಂದಿತ್ತು, ಅದಕ್ಕ ತಿರುಗಿ ಒಯ್ಯಾಕತ್ತಿದ್ದ. ಆಲದ ಗಿಡದ ಕೆಳಗ ಬಂದ...

ಚಪ್.

ನಿಂತ. ಹುಳದ ದನಿ ಸುದ್ದಾ ಇಲ್ಲ. ಮತ್ತ ಹೆಜ್ಜಿ ಕಿತ್ತ.

ಚಪ್... ಚಪ್... ಚಪ್...

ಕರಾ ಮಲಿ ಚೀಪೂ ಸಪ್ಪಳ. ನಡುವ ಒಮ್ಮೆ ಮೂಗಿನಿಂದ ಫುಸ್ಸ್ ಅಂತ ಉಸರ ಬಿಟ್ಟಂಗ. ಹಿಂದ ನೋಡಿದ, ಗಿಡದ ಸುತ್ತ ನೋಡಿದ. ಒಂದು ದನಾ ಇಲ್ಲ, ಕರಾ ಇಲ್ಲ. ಆಮ್ಯಾಲೆ ಕ್ಯಾನು ಎತ್ತಿ ಕಿವೀಗಿ ಹಿಡದ.

ಸಪ್ಪಳ ಒಳಗಿಂದ ಬರಾಕತ್ತಿತ್ತು.

ಮುಚ್ಚಳಾ ತಗದ. ಸಪ್ಪಳ ನಿಂತಿತು. ಹಾಲು ತುಂಬಿದ್ದು ತುಂಬಿದಂಗ ಐತಿ, ಒಂದು ಹನಿ ಕಡಿಮಿ ಇಲ್ಲ. ಆದ್ರ ಮ್ಯಾಲೆ ಹೊಸಾ ನೊರಿ. ಈಗ ಹಿಂಡಿದಂಗ.

ಕಲ್ಮೇಶಣ್ಣ ಓಡಲಿಲ್ಲ. ಓಡಿದ್ರ ಹಾಲು ಚೆಲ್ಲತಿತ್ತು. ಆ ಹಾಲು ಅವನ ಕೂಸಿಗಿ ಬೇಕಾಗಿತ್ತು.

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ನನ್ನ ಹೆಸರ ಓಂಕಾರ. ಬೆಳಗಾವಿ ರವಿವಾರ ಪೇಟ್ಯಾಗ ಬೆಲ್ಲದ ಅಂಗಡಿ ಮ್ಯಾಲಿನ ಅಟ್ಟದಾಗ ನಂದು ಕಂಪ್ಯೂಟರ ರಿಪೇರಿ. ಚಕ್ಕಡಿ ಹೂಡತಿದ್ದ ಕೈ ಇವು, ಇವತ್ತು ಮದರಬೋರ್ಡ ಬಿಚ್ಚತಾವು. ಪೇಟ್ಯಾಗ ಯಾರನ್ನರ ಕೇಳ್ರಿ, ಓಂಕಾರ ಮುಟ್ಟಿದ ಮಷೀನ ಏಳದ ಬಿಟ್ಟಿದ್ದಿಲ್ಲ.

ಕಂಪ್ಯೂಟರ ಕೆಟ್ಟಾಗ ಏನೇನ ಬಡಬಡಸತೈತಿ ನಿಮಗ ಗೊತ್ತಿಲ್ಲ. ಒಂದು ಅಂತೈತಿ: 'ಕೀಬೋರ್ಡ್ ಪತ್ತೆಯಾಗಿಲ್ಲ. ಮುಂದುವರಿಯಲು ಯಾವುದಾದರೂ ಕೀ ಒತ್ತಿ.' ಎಲ್ಲಿ ಒತ್ತೂದು, ಅದರ ಮೂಗು? ಇನ್ನೊಂದು ಕೆಂಪ ಅಕ್ಷರದಾಗ ಹೊಯ್ಕೊಂತೈತಿ: 'ದೋಷ! ಕಾರ್ಯ ಯಶಸ್ವಿಯಾಗಿ ಪೂರ್ಣಗೊಂಡಿದೆ.' ಶಹಾಪುರದ ಬಾಳಪ್ಪ ಅಂತ, ಮಗ್ಗದ ಧನಿ. ಒಮ್ಮೆ ಅವನ ಕಂಪ್ಯೂಟರ 'ನಿಮಗೆ ಅನುಮತಿ ಇಲ್ಲ, ಮಾಲೀಕರನ್ನು ಸಂಪರ್ಕಿಸಿ' ಅಂತು. ಬಾಳಪ್ಪ ಮೂರು ಮನಿಗಿ ಕೇಳೂವಂಗ ಒದರಿದ, "ಏ ಮಂಗ್ಯಾನ ಮಗನ, ಮಾಲಕ ನಾನ ಅದೇನೋ!" ಒಳಗಿಂದ ಅವನ ಹೆಂಡತಿ ಅಂದಳು, "ಅದಕ್ಕೂ ಗೊತ್ತಾಗೇತಿ ನೋಡ್ರಿ, ಮಾಲಕ ಯಾರಂತ."

ನಗ್ರಿ. ಇಲ್ಲಿ ನಗಬೇಕು. ಮುಂದ ಜಾಗಾ ಇಲ್ಲ.

ನಾ ಎಲ್ಲಾರಿಗೂ ಹೇಳೂದು ಒಂದ ಮಾತು ಇತ್ತು. ಮಷೀನಿಗಿ ತಲಿ ಇಲ್ಲ. ಯಾರೋ ಎಲ್ಲೋ ಕುಂತು ಬರದಿಟ್ಟದ್ದು ಇದು ಒದರತೈತಿ, ಅಷ್ಟ.

ಆಲದ ಗಿಡದ ಮರುದಿನ ಮುಂಜಾನಿ ಫೋನ ಬಂತು.

"ಓಂಕ್ಯಾ, ಎದ್ದೀಯೇನೋ?"

"ಏನಣ್ಣಾ, ಇಷ್ಟ ಲಗೂನ?"

"ಮಷೀನ ಏನೋ ಬರದೈತಿ. ನಿನ್ನಿ ಸಂಜೀಲಿಂದ ಅದ ಬರಾಕತ್ತೈತಿ. ಓದ್ತೇನಿ ಕೇಳು... 'ಈ ಮಾದರಿಯನ್ನು ಇನ್ನೊಬ್ಬರು ಬಳಸುತ್ತಿದ್ದಾರೆ. ಅವರು ಮುಗಿಸಿದ ಮೇಲೆ ಪ್ರಯತ್ನಿಸಿ.'"

ನಾ ಹಾಸಿಗ್ಯಾಗ ಬಿದ್ದು ಬಿದ್ದು ನಕ್ಕನಿ. "ಅಣ್ಣಾ, ಒಂದ ಫೈಲು ಎರಡು ಕಂಪ್ಯೂಟರದಾಗ ತಗದ್ರ ಹಂಗ ಬರತೈತಿ. ಮಾದರಿ ಅಂದ್ರ ಸ್ಯಾಂಪಲ್ಲು, ಬಟ್ಟಲದಾಗಿನ ಹಾಲು. ಮಷೀನಿಗಿ ಮಬ್ಬ ಹಿಡದೈತಿ."

"ಬಟ್ಟಲಾ ನನ್ನ ಕೈಯಾಗ ಐತೆಪಾ..." ದನಿ ಸಣ್ಣಗಾತು. "ಇನ್ನೊಬ್ಬರು ಅಂದ್ರ ಯಾರು?"

"ಎಲ್ಲಾರ ಹಾಲಿಗೂ ಹಿಂಗ ಬರತೈತೇನು?"

"ಇಲ್ಲ. ನಮ್ಮ ಎಮ್ಮೀದಕ್ಕಷ್ಟ."

ಗಾಡಿ ಹಾಕಿದ್ನಿ. ಖಾನಾಪುರ ದಾಟಿ ಊರ ಮುಟ್ಟಿದಾಗ ಸಂಜಿ ಹಾಲಿನ ಹೊತ್ತು. ಡೈರಿ ಮುಂದ ಪಾಳೆ ಹಚ್ಚಿದ್ರು. ನಮ್ಮ ಓಣಿ ಹಣಮಪ್ಪ ನನ್ನ ನೋಡಿದಾವನ, "ಬಂದಾ ನೋಡ್ರಪಾ ಡಾಕ್ಟರು. ಮಷೀನಿಗಿ ಸೂಜಿ ಮಾಡ್ತೀಯೋ ಗುಳಿಗಿ ಕೊಡ್ತೀಯೋ?" ಅಂದ.

"ನಿನ್ನ ಹಾಲು ಮೊದಲ ಹಾಕು ಕಾಕಾ. ಎಷ್ಟ ನೀರ ಕುಡಿಸೀದಿ ನೋಡೂಣು" ಅಂದ್ನಿ.

ಹಣಮಪ್ಪನ ಹಾಲು ಹಾಕಿದ್ವಿ. ಗುರ್ರ್... ಟಿಕ್. ಫ್ಯಾಟ್ ಬಂತು, ಬರೋಬ್ಬರಿ. ನಳದ ನೀರ ಹಾಕಿದ್ನಿ. 'ಇದು ಹಾಲಲ್ಲ' ಅಂತ ಬಂತು. ಪಾಳೆ ತುಂಬ ನಗಿ. ಕಲ್ಮೇಶಣ್ಣನ ಹಾಲು ಹಾಕಿದ್ನಿ. ಗುರ್ರ್...

ಟಿಕ್ ಅನ್ನಲಿಲ್ಲ. 'ಈ ಮಾದರಿಯನ್ನು ಇನ್ನೊಬ್ಬರು ಬಳಸುತ್ತಿದ್ದಾರೆ.'

"ಯಾರಲೇ ಅಂವಾ, ಹೊರಗ ಬಾ!" ಅಂದ ಹಣಮಪ್ಪ. ಮಂದಿ ಮತ್ತ ನಕ್ಕರು. ಕಲ್ಮೇಶಣ್ಣ ನಗಲಿಲ್ಲ.

ಅವತ್ತ ಕುಂತು ಕಂಪ್ಯೂಟರ ಪೂರಾ ಅಳಸಿ ಹೊಸದಾಗಿ ತುಂಬಿದ್ನಿ. ಅದ. ವಯರ ಬದಲಿ ಮಾಡಿದ್ನಿ. ಅದ. ಸಿಟ್ಟ ಬಂತು. ನನಗ ಬಗ್ಗದ ಮಷೀನ? ಬೆಳಗಾವಿಗಿ ಹೋಗಿ ಬ್ಯಾರೆ ಕಂಪನಿದು, ಬ್ಯಾರೆ ಕಡೆ ಮಾಡಿದ್ದು, ಅಕ್ಷರಾ ಎಲ್ಲಾ ಇಂಗ್ಲಿಷಿನ್ಯಾಗ ಬರೂ ಮಷೀನ ಗಾಡಿ ಮ್ಯಾಲೆ ಕಟ್ಟಕೊಂಡು ತಂದ್ನಿ. ಎಲ್ಲಾರ ಹಾಲು ಆತು. ಇವರದು ಹಾಕಿದ್ವಿ. ಇಂಗ್ಲಿಷಿನ್ಯಾಗ ಬಂತು. ಓದಿದ್ನಿ... ಮಾತು ಅದ. ಇನ್ನೊಬ್ಬರು ಬಳಸಾಕತ್ತಾರ.

ಅವತ್ತು ಪಾಳ್ಯಾಗ ಯಾರೂ ನಗಲಿಲ್ಲ.

ಮನೀಗಿ ಹೋದ್ವಿ. ಕಲ್ಮೇಶಣ್ಣನ ಮಗಳು ಸಾಕ್ಷಿ, ಎಂಟು ತಿಂಗಳ ಕೂಸು. ಕಲ್ಮೇಶಣ್ಣನ ಹೆಂಡತಿ, ನಮ್ಮ ಸಪ್ನಾ ವೈನಿಗಿ ಕಾಮಣಿ ಬ್ಯಾನಿ ಆಗಿ ಎದಿ ಹಾಲು ಬತ್ತಿತ್ತು, ಕೂಸು ಈ ಎಮ್ಮಿ ಹಾಲಿನ ಮ್ಯಾಲ ಇತ್ತು. ವಾಟಗಾ ತುಂಬ ಕುಡೀತಿತ್ತು. ಕುಡದು ಮತ್ತ ಬಾಯಿ ತಗೀತಿತ್ತು. ತೊಟ್ಟಲದಾಗ ಬಗ್ಗಿ ನೋಡಿದ್ನಿ... ಕೈ ಕಾಲು ಕಡ್ಡಿ ಆಗಿದ್ದವು. ಕಣ್ಣಷ್ಟ ದೊಡ್ಡವು.

"ಹೊಟ್ಟಿ ತುಂಬತೈತಿ ಓಂಕಾರಪ್ಪ, ಮೈಗಿ ಹತ್ತೂದಿಲ್ಲ" ಅಂದಳು ವೈನಿ. "ಬೆಳಗಾವ್ಯಾಗ ಎಲ್ಲಾ ತಪಾಸ ಮಾಡಿಸಿದ್ವಿ. ಏನೂ ಇಲ್ಲ ಅಂತಾರ. ಹಾಲು ಕುಡಸ್ರಿ ಅಂತಾರ."

ಬ್ಯಾರೆ ಹಾಲು ಕೊಟ್ಟ ನೋಡಿದ್ರು. ಹಣಮಪ್ಪನ ಎಮ್ಮೀದು, ಆಕಳದು, ಡಬ್ಬಿ ಪುಡಿ. ಎಲ್ಲಾ ಕಾರಿಕೊಂಡಿತು. ಇದೊಂದ ಹಾಲು ಒಳಗ ನಿಲ್ಲತಿತ್ತು. ಆದ್ರ ಇದರಾಗ ಕಸುವ ಏನೂ ಇರತಿರಲಿಲ್ಲ.

ಆಗ ನಾ ಎಮ್ಮಿ ನೋಡಾಕ ಕೊಟ್ಟಗೀಗಿ ಹೋದ್ನಿ. ಎಮ್ಮಿ ಮುಂದ ಒಂದು ಹುಲ್ಲಗರಾ ನಿಂತಿತ್ತು. ಗೊತ್ತೈತಲ್ಲ ನಿಮಗ, ಕರಾ ಸತ್ತರ ಎಮ್ಮಿ ಹಾಲು ಇಳಸೂದಿಲ್ಲ. ಸತ್ತ ಕರದ ತೊಗಲಿನ್ಯಾಗ ಹುಲ್ಲ ತುಂಬಿ ಮುಂದ ನಿಲ್ಲಸ್ತಾರ. ಎಮ್ಮಿ ವಾಸನಿ ಹಿಡದು, ನೆಕ್ಕಿ, ಹಾಲು ಬಿಡತೈತಿ. ಆದ್ರ ನಮ್ಮದು ಲಿಂಗಾ ಕಟ್ಟಿದ ಮನಿ. ನಮ್ಮ ದೊಡ್ಡವ್ವ ಪದ್ಮವ್ವ ಸತ್ತ ತೊಗಲ ಅಂಗಳಾ ತುಳಿಯಾಕ ಬಿಡಲಿಲ್ಲ. ಕರಾನ ನಮ್ಮ ಪದ್ಧತಿಯಂಗ ಹಿತ್ತಲದಾಗ ಮಣ್ಣ ಮಾಡಿದ್ರು. ಹುಲ್ಲಗರಕ್ಕ ಗೋಣಿಚೀಲಾ ಹೊಲದಿದ್ರು. ಅದರ ಮ್ಯಾಲೆ ಒಂದು ಕೌದಿ ಸುತ್ತಿದ್ರು.

"ಈ ಕೌದಿ ಎಲ್ಲಿದು?" ಅಂತ ಕೇಳಿದ್ನಿ.

ವೈನಿ ಹೇಳಿದಳು. ಕರಾ ಹುಟ್ಟಿದ ರಾತ್ರಿ ಜೋರ ಮಳಿ. ಎಳೀ ಜೀವಾ ಗಡಗಡ ನಡಗತಿತ್ತು. ಕನಿಕರಾ ಬಂತು, ಕೂಸಿನ ಕೌದಿ ತಂದು ಹೊಚ್ಚಿದಳು. ಕರಾ ಆ ಕೌದ್ಯಾಗ ಸತ್ತಿತು. ಎಮ್ಮಿಗಿ ಕರದ ವಾಸನಿ ಇರಲಿ ಅಂತ ಅರ್ಧಾ ಕೌದಿ ಹರದು ಹುಲ್ಲಗರಕ್ಕ ಸುತ್ತಿದ್ರು.

"ಉಳದ ಅರ್ಧಾ?"

ಕದದಾಗ ನಿಂತಿದ್ದ ದೊಡ್ಡವ್ವ ಒಳಗ ತೊಟ್ಟಲದ ಕಡೆ ನೋಡಿದಳು. ಗಟ್ಟಿ ಅರಿವಿ, ಯಾಕ ಕೆಡಸೂದಂತ ಒಗದು ಕೂಸಿನ ಕೆಳಗ ಹಾಸಿದ್ರು.

ತೊಟ್ಟಲದಾಗಿನ ಅರ್ಧಾ ಆಗಿಂದಾಗ ತಗದ್ವಿ. ಸುಟ್ವಿ. ಏನೂ ಆಗಲಿಲ್ಲ. ತಡಾ ಆಗಿತ್ತು.

ಅವತ್ತು ರಾತ್ರಿ ನಾ ಅಲ್ಲೇ ಉಳದ್ನಿ. ಹೆದರೂ ಪೈಕಿ ಅಲ್ಲ ನಾ, ಸುಡಗಾಡದಾಗ ಮಲಗೂ ಪಂದ್ಯಾ ಕಟ್ಟಿ ಗೆದ್ದಾವ. ತೊಟ್ಟಲದ ಬಾಜುಕ ಗ್ವಾಡಿಗಿ ಆತು ಕುಂತ್ನಿ. ಬಾಜುಕ ಕಲ್ಮೇಶಣ್ಣ. ದೀಪ ಆರಿಸಿದ್ವಿ. ಭಾಳ ಹೊತ್ತು ಏನೂ ಇಲ್ಲ. ಆಮ್ಯಾಲೆ ಕೊಟ್ಟಗ್ಯಾಗ ಎಮ್ಮಿ ದನಿ ತಗೀತು. ಒದರಿದ್ದಲ್ಲ. ಬಾಯಿ ತಗೀದ, ಗಂಟಲದಾಗ, ಕರಾ ಕರಿಯೂ ದನಿ. ಹ್ಞೂಂ... ಹ್ಞೂಂ...

ಇಲ್ಲಿ ತೊಟ್ಟಲದ ಹಂತ್ಯಾಕ,

ಚಪ್... ಚಪ್... ಚಪ್...

"ಇಲಿ" ಅಂದ್ನಿ.

"ಇಲಿ ಹಿಂಗ ಉಸರ ಬಿಡತೈತೇನೋ ತಮ್ಮಾ?" ಅಂದ ಅಣ್ಣ, ಪಿಸುಮಾತಿನ್ಯಾಗ.

ಫುಸ್ಸ್... ಬಿಸಿ ಗಾಳಿ ನನ್ನ ಮೊಣಕಾಲಿಗಿ ಬಡೀತು. ಮೊಬೈಲ ಲೈಟ ಹಚ್ಚಿದ್ನಿ. ಕೂಸು ಮಲಗಿತ್ತು. ತುಟಿ ಗಟ್ಟಿಯಾಗಿ ಮುಚ್ಚಿದ್ವು. ಹೊಟ್ಟಿ ಮಾತ್ರ... ಒಳಗ ಹೋಗಾಕತ್ತಿತ್ತು. ನೋಡ್ ನೋಡತಾ ಒಳಗ.

ಕತ್ತಲದಾಗ ದೊಡ್ಡವ್ವನ ದನಿ ಬಂತು. ಆಕೀನೂ ಎಚ್ಚರ ಇದ್ದಳು. "ಕರಕ್ಕ ಹಸಿವಿ ಆಗೇತೆಪಾ. ಅದರ ಪಾಲು ಅದಕ್ಕ ಕೊಡೂಣು."

ಹಾಲು ಹಿಂಡೂ ಮನ್ಯಾಗ ಒಂದು ರೀತಿ ಐತಿ. ಮೂರು ಮಲಿ ಹಿಂಡಿ ಒಂದು ಮಲಿ ಕರಕ್ಕ ಬಿಡೂದು. ಕರಾ ಇಲ್ಲಂತ ಇವರು ನಾಕೂ ಹಿಂಡತಿದ್ರು. ಮರುದಿನ ಮುಂಜಾನಿ ಮೂರ ಹಿಂಡಿದ್ರು. ನಾಕನೇದು ತುಂಬಿದಂಗ ಬಿಟ್ಟು, ಹುಲ್ಲಗರಾ ಕೆಚ್ಚಲದ ಹಂತ್ಯಾಕ ಸರಸಿ, ಕದಾ ಮುಂದ ಮಾಡಿ ಹೊರಗ ಬಂದ್ರು. ತಿರುಗಿ ಹೋಗಿ ನೋಡಿದಾಗ ಆ ಮಲಿ ಜೋತ ಬಿದ್ದಿತ್ತು. ಖಾಲಿ. ನೆಲದ ಮ್ಯಾಲೆ ಒಂದು ಹನಿ ಇಲ್ಲ.

ಮೂರು ಮಲಿ ಹಾಲು ಡೈರಿಗಿ ಒಯ್ದ್ವಿ. ಗುರ್ರ್... ಟಿಕ್. ಫ್ಯಾಟ್ ಬಂತು!

ಹಣಮಪ್ಪ ಚಪ್ಪಾಳಿ ಹೊಡದ. ಕೂಸು ಆ ವಾರದಾಗ ಗಲ್ಲಾ ತುಂಬಿಕೊಂಡಿತು, ಬಾಯಿ ತಗದು ನಕ್ಕಿತು. ನಾ ರವಿವಾರ ಪೇಟಿಗಿ ಬಂದು ಎದಿ ಉಬ್ಬಿಸಿ ಹೇಳಿದ್ನಿ, ಸ್ಕ್ರೂಡ್ರೈವರ ಮುಟ್ಟದ ಮಷೀನ ರಿಪೇರಿ ಮಾಡಿ ಬಂದೇನಿ, ಯಾರರೆ ಮಾಡಿ ತೋರಸ್ರಿ ಅಂತ.

ಮತ್ತ ಫೋನ ಬಂತು.

"ತಮ್ಮಾ... ಮತ್ತ ಅದ ಬರದೈತಿ."

ಎರಡು ಮಲಿ ಬಿಟ್ಟರು. ಮಷೀನ ಒಪ್ಪಿತು. ಸ್ವಲ್ಪ ದಿನಾ ಕೂಸು ತಡೀತು. ಮತ್ತ ಬರೀತು. ಮೂರು ಮಲಿ ಬಿಟ್ಟರು. ಒಂದು ಮಲಿ ಹಾಲಿನ್ಯಾಗ ಒಂದು ಮನಿಶಾನ ಕೂಸು ಬದಕಬೇಕಾತು.

"ಕರಾ ಬೆಳ್ಯಾಕತ್ತೈತಿ" ಅಂದ ಕಲ್ಮೇಶಣ್ಣ. "ಬೆಳದಂಗ ಹಸಿವಿ. ಇನ್ನೇನ ಸ್ವಲ್ಪ ದಿನಾ, ಹುಲ್ಲಿಗಿ ಬಾಯಿ ಹಾಕತೈತಿ. ಹುಲ್ಲ ರೂಢಿ ಆತಂದ್ರ ಹಾಲು ಬಿಡತೈತಿ. ಅಲ್ಲೀತನಕಾ ಕೂಸು ತಡದ್ರ ಸಾಕು."

"ಸತ್ತದ್ದು ಹುಲ್ಲ ತಿನ್ನತೈತೇನಣ್ಣಾ?"

ಕೇಳಬಾರದಿತ್ತು. ಬಾಯಾಗಿಂದ ಬಂದುಬಿಟ್ಟಿತು. ಅಂವಾ ನನ್ನ ಮಾರಿ ನೋಡಿದ. ಎದ್ದು ಒಂದು ಸೂಡು ಹಸಿ ಹುಲ್ಲ ತಂದು ಹುಲ್ಲಗರದ ಬಾಯಿ ಮುಂದ ಇಟ್ಟ. ದಿನಾ ಇಟ್ಟ. ದಿನಾ ಮುಂಜಾನಿ ಒಣಗಿದ್ದು ತಗದು ಹೊರಗ ಒಗದ.

ಒಂದು ದಿನ ದೊಡ್ಡವ್ವಗ ತಾಳಲಿಲ್ಲ. ಹುಲ್ಲಗರಾ ಎಳಕೊಂಡು ಹೋಗಿ ಕರದ ಬಾಜುಕ ಮಣ್ಣಾಗ ಹುಗದು ಬಂದಳು. ಅವತ್ತು ಎಮ್ಮಿ ಒಂದು ಹನಿ ಇಳಸಲಿಲ್ಲ. ಕಲ್ಮೇಶಣ್ಣ ಬೆರಳಿಗಿ ಎಣ್ಣಿ ಹಚ್ಚಿ ಜಗ್ಗಿ ನೋಡಿದ, ಬೆಲ್ಲಾ ತಿನಸಿದ, ಕಾಲ ಹಿಡಕೊಂಡ. ಇಲ್ಲ. ಕೂಸು ಒಣಾ ಬಾಯಿ ತಗದು ತಗದು ಮುಚ್ಚಿತು. ಅಳೂ ದನಿ ಸುದ್ದಾ ಬರಲಿಲ್ಲ. ನಡುರಾತ್ರಿ ವೈನಿ ಎದ್ದಳು. ಯಾರಿಗೂ ಹೇಳಲಿಲ್ಲ. ಹಿತ್ತಲಕ್ಕ ಹೋಗಿ ಬರಿಗೈಲೆ ಮಣ್ಣ ಕೆದರಿ, ಅದನ್ನ ಎತ್ತಿ ತಂದು, ಸೆರಗಿನಿಂದ ಒರಿಸಿ, ಎಮ್ಮಿ ಮುಂದ ನಿಲ್ಲಿಸಿದಳು.

"ನಾಕೂ ನೀನ ಕುಡಿ" ಅಂದಳಂತ ಅದಕ್ಕ. "ಆಮ್ಯಾಲೆ ಉಳದ್ರ ನಂದಕ್ಕ ಒಂದು ಗುಟುಕು ಬಿಡು."

ಉಳೀಲಿಲ್ಲ.

ಮಠದ ಬಸಯ್ಯ ಸ್ವಾಮಿಗಳನ್ನ ಕರಸಿದ್ರು. ಬಂದ್ರು, ವಿಭೂತಿ ಹಚ್ಚಿದ್ರು, ಕೂಸಿನ ಅಂಗೈ ಹಿಡಕೊಂಡು ಭಾಳ ಹೊತ್ತು ಕುಂತ್ರು. "ಚಹಾ ತಗೋರಿ ಅಜ್ಜಾರ" ಅಂದ್ರ ಬ್ಯಾಡ ಅಂದ್ರು. ಮೆಟ್ಟ ಹಾಕ್ಕೊಂಡು ಹೋದ್ರು.

ಬೆಳಗಾವಿ ದವಾಖಾನಿಗಿ ನಾನ ಕರಕೊಂಡು ಹೋದ್ನಿ. ಸಲಾಯಿನ ಹಚ್ಚಿದ್ರು. ಅಲ್ಲಿ ಮಷೀನಿನ್ಯಾಗ ಎಲ್ಲಾ ಹಸರ ಅಕ್ಷರಾ, ಒಂದೂ ತಪ್ಪಿಲ್ಲ. ಡಾಕ್ಟರ ಒಳ್ಳ್ಯಾಂವ, ರಾತ್ರಿ ಪೂರಾ ಅಲ್ಲೇ ಇದ್ದ. "ಕೊಟ್ಟದ್ದೆಲ್ಲಾ ಎಲ್ಲಿ ಹೋಗಾಕತ್ತೈತಿ ತಿಳೀವಲ್ದು" ಅಂದ. ಕಲ್ಮೇಶಣ್ಣ ನನ್ನ ಕಡೆ ನೋಡಿದ.

ಬೆಳಕ ಹರಿಯೂದರಾಗ ಸಾಕ್ಷಿ ಹೋದಳು.

ತಂದು ಮಣ್ಣ ಮಾಡಿದ್ವಿ. ಕರದ ಕಡೆ ಅಲ್ಲ, ದೂರ, ನಮ್ಮ ಹಿರ್ಯಾರ ಹೊಲದಾಗ. ದೊಡ್ಡವ್ವ ಒತ್ತಿ ಒತ್ತಿ ಹೇಳಿದಳು, ದೂರ ಅಂತ.

ಮರುದಿನ ಎಮ್ಮಿ ಕೆಚ್ಚಲಾ ಬಾತು ಒದ್ದಾಡಾಕತ್ತಿತು. ಹಿಂಡಲೇಬೇಕಾತು. ಕಲ್ಮೇಶಣ್ಣ ನಾಕೂ ಮಲಿ ಹಿಂಡಿದ. ಹುಲ್ಲಗರಾ ಹಿಂದಿನ ದಿನಾನ ತಗದು ಒಗದಿದ್ವಿ, ಆದ್ರೂ ಎಮ್ಮಿ ತಾನ ಇಳಸಿತು. ಯಾಕೋ ಅಂವಾ ಆ ಹಾಲು ಡೈರಿಗಿ ತಂದ. ಪಾಳೆ ಸುಮ್ಮನ ಸರದು ದಾರಿ ಬಿಟ್ಟಿತು. "ನೀ ಹಾಕಪಾ ಮೊದಲ" ಅಂದ ಹಣಮಪ್ಪ, ನೆಲಾ ನೋಡತಾ.

ಗುರ್ರ್... ಟಿಕ್.

ಫ್ಯಾಟ್ ಬಂತು. ತಪ್ಪಿಲ್ಲ, ಕೆಂಪಿಲ್ಲ. ನಾಕೂ ಮಲಿ ಹಾಲು, ಊರಾಗ ಎಲ್ಲಾರಿಗಿಂತ ಚೊಲೋದು.

ಕಲ್ಮೇಶಣ್ಣ ನಿಂತ ನೋಡಿದ. ಆಮ್ಯಾಲೆ ಮತ್ತೊಂದು ಬಟ್ಟಲಾ ತುಂಬಿದ. ಟಿಕ್. ಮತ್ತೊಂದು. ಟಿಕ್.

"ಅಣ್ಣಾ, ಸಾಕು..."

"ತಡಿ ತಮ್ಮಾ. ಒಮ್ಮೆ ಬರತೈತಿ." ಬಟ್ಟಲಾ ತುಂಬಿ ಹಾಲು ಕೈಮ್ಯಾಲೆ ಹರೀತಿತ್ತು. "ಒಮ್ಮೆರೆ ಬರತೈತಿ ನೋಡು, ಇನ್ನೊಬ್ಬರು ಅದಾರ ಅಂತ. ನೀ ಕಂಪ್ಯೂಟರ ಕಲತಾವ ಅದಿ... ಬರಸೋ. ಒಮ್ಮೆ ಬರಸೋ ಅದನ್ನ."

ಕ್ಯಾನು ಪೂರಾ ಖಾಲಿ ಆಗೂತನಕಾ ಹಾಕಿದ. ನನ್ನ ಕೈಲೆ ಏನೂ ಆಗಲಿಲ್ಲ. ನಿಂತಿದ್ನಿ, ಅಷ್ಟ.

ಅಷ್ಟರಾಗ ಮುಗೀತು ಅಂತ ನಾ ತಿಳಕೊಂಡಿದ್ನಿ. ಆದ್ರ ಆ ಎಮ್ಮಿ ಅವತ್ತಿನಿಂದ ಬಲಮಗ್ಗಲಿಗಿ ಮಲಗೂದ ಬಿಟ್ಟೈತಿ. ಎಷ್ಟ ದಣದಿದ್ರೂ ಎಡಕ್ಕ ಮಲಗತೈತಿ, ಇಲ್ಲಂದ್ರ ರಾತ್ರಿ ಪೂರಾ ನಿಲ್ಲತೈತಿ. ಯಾಕ ಅಂತ ದೊಡ್ಡವ್ವ ಒಂದು ಮುಂಜಾನಿ ನನ್ನ ಕರಕೊಂಡು ಹೋಗಿ ತೋರಿಸಿದಳು. ಬಲಕ್ಕ ಹಾಸಿದ ಬತ್ತದ ಹುಲ್ಲಿನ್ಯಾಗ ಎರಡು ಕಡೆ ತಗ್ಗ ಬಿದ್ದಿತ್ತು. ಒಂದು ದೊಡ್ಡದು, ಕರಾ ಮಲಗಿದಷ್ಟು. ಅದರ ಹೊಟ್ಟಿಗಿ ಹತ್ತಿ ಇನ್ನೊಂದು, ಸಣ್ಣದು.

ನಂಬ್ರಿ, ಬಿಡ್ರಿ. ಖರೇ ಹೇಳ್ತೇನಿ, ಈ ಕೈ ನಾನ ಇಟ್ಟು ನೋಡೇನಿ. ಥಂಡಿ ದಿನಾ, ಹುಲ್ಲೆಲ್ಲಾ ಇಬ್ಬನಿಗಿ ತಣ್ಣಗಿತ್ತು. ಆ ಎರಡೂ ತಗ್ಗ ಮಾತ್ರ ಬೆಚ್ಚಗ ಇದ್ದವು.